ಗೀರು ಬೀಳದಂತೆ ಮರದ ನೆಲ ಸ್ವಚ್ಛಗೊಳಿಸುವುದು ಹೇಗೆ

ಮರದ ನೆಲದ ಮೇಲಿನ ಗೀರುಗಳೆಲ್ಲ ಕುರ್ಚಿ ಎಳೆದಿದ್ದರಿಂದಲೋ ನಾಯಿಯ ಉಗುರಿನಿಂದಲೋ ಆದವಲ್ಲ. ಬೆಳಕಿಗೆ ಓರೆಯಾಗಿ ನಿಂತು ನೋಡಿದಾಗ ಜೇಡರಬಲೆಯಂತೆ ಕಾಣುವ ಸಣ್ಣ ಸಣ್ಣ ಗೆರೆಗಳಿರುತ್ತವಲ್ಲ, ಅವುಗಳಲ್ಲಿ ಬಹಳಷ್ಟು ನೆಲವನ್ನು ಚೊಕ್ಕಟ ಮಾಡುವ ಕೆಲಸದಲ್ಲೇ ಬಿದ್ದವು. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರಡಿಗೆ ನಾಲ್ಕು ಮರಳ ಕಣ ಸಿಕ್ಕಿಕೊಂಡರೆ ಒರೆಸುವವರ ಕೈಯಲ್ಲಿರುವುದು ಬಟ್ಟೆಯಲ್ಲ, ಸ್ಯಾಂಡ್‌ಪೇಪರ್.

ಮರಳಿನಲ್ಲಿ ಹೆಚ್ಚಾಗಿರುವುದು ಬೆಣಚು, ಅಂದರೆ ಕ್ವಾರ್ಟ್ಜ್. ಮೋಸ್ ಗಡಸುತನದ ಮಾಪಕದಲ್ಲಿ ಅದು 7; ಸಾಮಾನ್ಯ ಗಾಜು ಸುಮಾರು 5.5. ಗಾಜನ್ನೇ ಗೀರುವ ಕಣದ ಎದುರು ಮರದ ಮೇಲಿನ ತೆಳುಲೇಪ ನಿಲ್ಲುವುದಿಲ್ಲ. ಕಾರ್ಖಾನೆಯಲ್ಲೇ ಅಲ್ಯೂಮಿನಿಯಂ ಆಕ್ಸೈಡ್ ಬೆರೆಸಿ ಲೇಪಿಸಿದ ಹಲಗೆಗಳು ಸವೆತವನ್ನು ಚೆನ್ನಾಗಿ ತಡೆಯುತ್ತವೆ, ಆ ಪುಡಿಯ ಗಡಸುತನ 9. ಆದರೆ ಪುಡಿಯನ್ನು ಹಿಡಿದಿಟ್ಟಿರುವ ರಾಳ ಮೆದುವೇ. ಹಾಗಾಗಿ ಅಲ್ಲೂ ಸಣ್ಣ ಗೀರು ಬೀಳುತ್ತದೆ.

ಗಟ್ಟಿ ಮರ ಹಾಕಿಸಿದರೆ ಈ ಚಿಂತೆಯಿಲ್ಲ ಎಂಬ ನಂಬಿಕೆಯೊಂದಿದೆ. ಮರದ ಗಟ್ಟಿತನ ಹೇಳುವ ಜಂಕಾ ಅಂಕಿ, 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅರ್ಧದಷ್ಟು ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಎಂಬುದರ ಲೆಕ್ಕ. ಪೌಂಡ್ ಬಲದಲ್ಲಿ ತೇಗ 1070ರ ಆಸುಪಾಸು, ರೆಡ್ ಓಕ್ 1290, ಹಾರ್ಡ್ ಮೇಪಲ್ 1450, ಜಟೋಬಾ 2350. ಭಾರದ ವಸ್ತು ಬಿದ್ದರೆ ನೆಲ ತಗ್ಗಾಗುತ್ತದೋ ಇಲ್ಲವೋ ಎಂಬುದನ್ನು ಈ ಅಂಕಿ ಹೇಳುತ್ತದೆ. ದಿನನಿತ್ಯದ ಗೀರು ಬೀಳುವುದು ಮರದ ಮೇಲಲ್ಲ, ಲೇಪದ ಮೇಲೆ. ಮೆದುಮರವಾಗಲಿ ಗಟ್ಟಿಮರವಾಗಲಿ, ಮೇಲಿನ ಲೇಪ ಒಂದೇ ಆಗಿದ್ದರೆ ಮರಳಿಗೆ ಎರಡೂ ಒಂದೇ.

ಆದ್ದರಿಂದ ಕೆಲಸದ ಕ್ರಮ ಹೀಗೆ: ಮೊದಲು ಲೇಪ ಯಾವುದೆಂದು ತಿಳಿಯಬೇಕು, ಆಮೇಲೆ ಕಣಗಳನ್ನು ಉಜ್ಜದೆ ಎತ್ತಿ ತೆಗೆಯಬೇಕು, ಕೊನೆಗೆ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ತೇವದಲ್ಲಿ ಒರೆಸಬೇಕು.

ಲೇಪ ಯಾವುದೆಂದು ಗುರುತಿಸಿ

ಕಪಾಟಿನ ಹಿಂದೆ ಅಥವಾ ಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗ ಆರಿಸಿ. ಎರಡು ಮೂರು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ. ನೀರು ಮಣಿಯಂತೆ ಗುಂಡಗೆ ನಿಂತೇ ಇದ್ದರೆ ಮರದ ಮೇಲೆ ಪದರವಾಗಿ ಕೂತಿರುವ ಲೇಪವಿದೆ. ಅದು ಬಹುತೇಕ ಪಾಲಿಯುರೆಥೇನ್ ಆಗಿರುತ್ತದೆ. ನೀರು ಹರಡಿ ನಿಧಾನಕ್ಕೆ ಇಂಗಿ ಮರದ ಬಣ್ಣ ಗಾಢವಾದರೆ, ಎಣ್ಣೆ ಅಥವಾ ಮೇಣದ ನೆಲ ಇರಬಹುದು, ಇಲ್ಲವೇ ಇದ್ದ ಲೇಪ ಸವೆದುಹೋಗಿರಬಹುದು.

ಮೇಣವೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಬಿಳಿ ಬಟ್ಟೆಯ ತುದಿಯನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿ ಅದೇ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಹಳದಿ ಅಥವಾ ಕಂದು ಜಿಡ್ಡು ಹತ್ತಿದರೆ ಮೇಣವಿದೆ. ಹಳೆಯ ನೆಲದಲ್ಲಿ ಅರಗಿನ ಪಾಲಿಶ್ ಇರುವ ಸಾಧ್ಯತೆಯೂ ಉಂಟು. ಬಡಗಿಗಳು ಬಳಸುವ ಸ್ಪಿರಿಟ್ ಒಂದು ಹನಿ ಹಾಕಿದರೆ ಅರಗು ಅಂಟಂಟಾಗಿ ಮೆತ್ತಗಾಗುತ್ತದೆ, ಪಾಲಿಯುರೆಥೇನ್ ಹಾಗಾಗುವುದಿಲ್ಲ. ಮೇಣ ಮತ್ತು ಅರಗಿನ ನೆಲಕ್ಕೆ ನೀರು ತಾಗಿದರೆ ಬಿಳಿ ಕಲೆ ಬೀಳುತ್ತದೆ. ಹಾಗಾಗಿ ಈ ಐದು ನಿಮಿಷದ ಪರೀಕ್ಷೆ ಮಾಡದೆ ಒದ್ದೆ ಬಟ್ಟೆ ಕೈಗೆತ್ತಿಕೊಳ್ಳಬೇಡಿ.

ಲ್ಯಾಮಿನೇಟ್ ನೆಲ ಬೇರೆಯದೇ ವಸ್ತು. ಅದರ ಮೇಲ್ಮೈ ಮರದ ಚಿತ್ರ ಅಚ್ಚಾದ ಕಾಗದ, ಮೇಲೆ ಮೆಲಮೈನ್ ಪದರ. ಒಂದೇ ಬಗೆಯ ಗಂಟು ಅಥವಾ ಎಳೆ ಅಲ್ಲಲ್ಲಿ ಮರುಕಳಿಸಿದ್ದು ಕಂಡರೆ ಅದು ಲ್ಯಾಮಿನೇಟ್. ಮುಂದೆ ಹೇಳುವ ಒಣ ಶುಚಿಯ ವಿಧಾನ ಅದಕ್ಕೂ ಸರಿಹೋಗುತ್ತದೆ, ಎಣ್ಣೆ ಮತ್ತು ಮೇಣದ ಮಾತು ಹೊಂದುವುದಿಲ್ಲ.

ಒಣ ಶುಚಿ: ಅರ್ಧಕ್ಕಿಂತ ಹೆಚ್ಚಿನ ಕೆಲಸ ಇಲ್ಲೇ

ಗೀರಿನಿಂದ ನೆಲವನ್ನು ಕಾಪಾಡುವ ಸಲಕರಣೆ ಒಂದನ್ನೇ ಆರಿಸಬೇಕೆಂದರೆ ಅದು ವ್ಯಾಕ್ಯೂಮ್ ಕ್ಲೀನರ್. ಪೊರಕೆ ಕಣಗಳನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ, ವ್ಯಾಕ್ಯೂಮ್ ಅವು ಇದ್ದಲ್ಲಿಂದಲೇ ಎತ್ತಿಬಿಡುತ್ತದೆ. ಹಲಗೆಗಳ ನಡುವಿನ ಸಂದಿನಲ್ಲಿ ಕೂತ ಮರಳೂ ಹೊರಬರುತ್ತದೆ. ಪೊರಕೆಗೆ ಅದು ಸಿಗದು.

ಆದರೆ ವ್ಯಾಕ್ಯೂಮೇ ಗೀರು ಹಾಕುವುದೂ ಉಂಟು. ಶುರು ಮಾಡುವ ಮೊದಲು ಈ ನಾಲ್ಕನ್ನು ನೋಡಿ:

1. ತಿರುಗುವ ಬ್ರಷ್ ನಿಂತಿರಲಿ. ರತ್ನಗಂಬಳಿಗೆಂದು ಮಾಡಿದ ಬಿರುಸು ಕೂದಲಿನ ರೋಲರ್ ಕಣಗಳನ್ನು ನೆಲಕ್ಕೆ ಬಡಿದು ಚಿಮ್ಮಿಸುತ್ತದೆ. ಗುಂಡಿ ಒತ್ತಿ ಅದನ್ನು ನಿಲ್ಲಿಸುವ ಸೌಲಭ್ಯವಿದ್ದರೆ ನಿಲ್ಲಿಸಿ, ಇಲ್ಲದಿದ್ದರೆ ಗಟ್ಟಿನೆಲಕ್ಕೆಂದು ಬರುವ ಮೆತ್ತನೆಯ ಕೂದಲಿನ ಬಾಯಿ ಹಾಕಿ.
2. ಬಾಯಿಯ ಅಂಚಿನ ಕೂದಲು ಸವೆದು ಪ್ಲಾಸ್ಟಿಕ್ ನೆಲಕ್ಕೆ ತಾಗುತ್ತಿದೆಯೇ ಎಂದು ತಿರುಗಿಸಿ ಬೆರಳಾಡಿಸಿ ನೋಡಿ. ತಾಗುತ್ತಿದ್ದರೆ ಅದನ್ನು ಬದಲಿಸಿ.
3. ಚಕ್ರಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಚಕ್ರದಲ್ಲಿ ಹೂತ ಒಂದೇ ಒಂದು ಕಲ್ಲುಚೂರು ಕೋಣೆಯ ಉದ್ದಕ್ಕೂ ಒಂದೇ ಗೆರೆ ಎಳೆಯುತ್ತದೆ. ಉದ್ದನೆಯ, ನೇರವಾದ, ಸಮಾಂತರ ಗೀರುಗಳು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.
4. ಡಬ್ಬಿಯಾಕಾರದ ಯಂತ್ರವಾದರೆ ಕೊಳವೆ ಹಿಡಿದು ಜಗ್ಗಬೇಡಿ, ಅದು ಮಗುಚಿ ಮೂಲೆಯಿಂದ ನೆಲ ಕೆರೆಯುತ್ತದೆ. ಎತ್ತಿ ಇಡಿ.

ಬಾಗಿಲ ಕಡೆಯಿಂದ ಶುರು ಮಾಡಿ. ಮರಳು ಬರುವುದೇ ಅಲ್ಲಿಂದ. ಅದನ್ನು ತೆಗೆಯದೆ ಒಳಗೆ ಹೋದರೆ ಕಾಲಿನ ಜೊತೆ ಅದೂ ಒಳಗೆ ಬರುತ್ತದೆ. ಹಲಗೆಯ ಉದ್ದಕ್ಕೆ, ಅಂದರೆ ಮರದ ಎಳೆಯ ದಿಕ್ಕಿಗೆ, ನಿಧಾನವಾಗಿ ಸಾಗಿ. ಎಳೆಯ ಜೊತೆ ಬಿದ್ದ ಸಣ್ಣ ಗೀರು ಎಳೆಯಲ್ಲೇ ಕರಗಿಹೋಗುತ್ತದೆ, ಅಡ್ಡಗೀರು ಎದ್ದು ಕಾಣುತ್ತದೆ.

ವ್ಯಾಕ್ಯೂಮ್ ಇಲ್ಲದಿದ್ದರೆ ಮೆತ್ತನೆಯ, ತುದಿ ಸೀಳಿದ ಕೂದಲಿನ ಪೊರಕೆ ಸಾಕು. ಗಡಸು ಪ್ಲಾಸ್ಟಿಕ್ ಕಡ್ಡಿಯ ಪೊರಕೆ, ಅಂಗಳ ಗುಡಿಸಿದ ಪೊರಕೆ, ಎರಡೂ ಬೇಡ. ಒತ್ತದೆ, ಸಣ್ಣ ಸಣ್ಣ ಎಳೆತದಲ್ಲಿ ಗುಡಿಸಿ. ಕಸವನ್ನು ಕೋಣೆಯ ಆ ಕೊನೆಯಿಂದ ಈ ಕೊನೆವರೆಗೆ ತಳ್ಳಿಕೊಂಡು ಬರುವ ಬದಲು ಎರಡು ಮೂರು ಕಡೆ ಗುಪ್ಪೆ ಮಾಡಿ ಅಲ್ಲಲ್ಲೇ ಮೊರಕ್ಕೆ ಎತ್ತಿಕೊಳ್ಳಿ. ಮೊರದ ಅಂಚಿಗೆ ರಬ್ಬರ್ ಪಟ್ಟಿ ಇರಲಿ.

ಮರಳು ಹೋದ ಮೇಲೆ ಉಳಿಯುವ ನಯವಾದ ಧೂಳಿಗೆ ಒಣ ಮೈಕ್ರೋಫೈಬರ್ ಮಾಪ್. ಇದರ ಬಟ್ಟೆ ಸಾಮಾನ್ಯವಾಗಿ 80 ಪಾಲು ಪಾಲಿಯೆಸ್ಟರ್, 20 ಪಾಲು ಪಾಲಿಅಮೈಡ್. ಒಂದೊಂದು ನೂಲೂ ಸೀಳಾಗಿರುವುದರಿಂದ ಧೂಳು ನೂಲಿನೊಳಗೆ ಸಿಕ್ಕಿಕೊಳ್ಳುತ್ತದೆ, ಮುಂದಕ್ಕೆ ತಳ್ಳಲ್ಪಡುವುದಿಲ್ಲ. ಒಳ್ಳೆಯದೇ, ಆದರೆ ಇದೇ ಗುಣದಿಂದ ಮರಳ ಕಣವೂ ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಮರಳಿರುವ ನೆಲಕ್ಕೆ ನೇರವಾಗಿ ಇದನ್ನು ಹಾಕಬಾರದು ಎನ್ನುವುದು ಅದಕ್ಕೇ. ಮಾಪನ್ನು ಎತ್ತದೆ, ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ತಿರುಗಿಸುತ್ತಾ, ಒಂದೇ ಅಂಚು ಸದಾ ಮುಂದಿರುವಂತೆ ಸಾಗಿ. ಹಿಂದೆ ಮುಂದೆ ಉಜ್ಜಿದರೆ ಮುಂದಿನ ಅಂಚಿನಲ್ಲಿ ಸೇರಿದ ಕಸವೆಲ್ಲ ಬಟ್ಟೆಯ ಅಡಿಗೆ ಬರುತ್ತದೆ. ಸುಮಾರು 10 ಚದರ ಮೀಟರ್ ಆದಮೇಲೆ ಬಟ್ಟೆಯನ್ನು ಹೊರಗೆ ಕೊಡವಿ ಅಥವಾ ವ್ಯಾಕ್ಯೂಮ್‌ನಿಂದ ಹೀರಿಸಿ.

ಬಟ್ಟೆ ಒಗೆಯುವುದರಲ್ಲೂ ತಪ್ಪಾಗುತ್ತದೆ. ಹತ್ತಿ ಬಟ್ಟೆಗಳ ಜೊತೆ ಹಾಕಿದರೆ ಅವುಗಳ ನಾರೆಲ್ಲ ಇದಕ್ಕೆ ಅಂಟುತ್ತದೆ. ಬಟ್ಟೆ ಮೃದುವಾಗಲು ಹಾಕುವ ಫ್ಯಾಬ್ರಿಕ್ ಕಂಡೀಷನರ್ ನೂಲಿನ ಸೀಳನ್ನು ಮುಚ್ಚಿಬಿಡುತ್ತದೆ, ಮೇಲಾಗಿ ಆ ಜಿಡ್ಡು ನೆಲಕ್ಕೂ ಹತ್ತುತ್ತದೆ. ಬೇರೆಯಾಗಿ, ಸ್ವಲ್ಪವೇ ಪುಡಿ ಹಾಕಿ, 60 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಒಗೆದು ನೆರಳಲ್ಲಿ ಆರಿಸಿ. ಒಣಗಿದ ಮೇಲೆ ಅಂಗೈಯಿಂದ ಸವರಿ; ಒರಟು ತಾಗಿದರೆ ಅದನ್ನು ಮರಕ್ಕೆ ಬಳಸಬೇಡಿ.

ಬಾಗಿಲ ಬಳಿ ಮತ್ತು ಅಡುಗೆಮನೆಯಲ್ಲಿ ದಿನವೂ, ಉಳಿದ ಕೋಣೆಗಳಲ್ಲಿ ವಾರಕ್ಕೆ ಎರಡು ಮೂರು ಸಲ ಒಣ ಶುಚಿ ಮಾಡಿದರೆ ಒದ್ದೆ ಒರೆಸಾಟ ಹದಿನೈದು ದಿನಕ್ಕೊಮ್ಮೆ ಸಾಕಾಗುತ್ತದೆ. ಕಲ್ಲು ಅಥವಾ ಟೈಲ್ಸ್ ನೆಲದಂತೆ ದಿನವೂ ನೀರು ಹಾಕಿ ಒರೆಸುವ ರೂಢಿ ಮರದ ನೆಲಕ್ಕೆ ಒಗ್ಗುವುದಿಲ್ಲ.

ರೋಬೋ ವ್ಯಾಕ್ಯೂಮ್ ಇದ್ದರೆ ಅದರ ಚಕ್ರ ಮತ್ತು ಬದಿಯ ಬ್ರಷ್ಷನ್ನು ವಾರಕ್ಕೊಮ್ಮೆ ಬಿಡಿಸಿ ತೊಳೆಯಿರಿ. ಒಂದೇ ಓಟದಲ್ಲಿ ಹೀರಿ ಒರೆಸುವ ಯಂತ್ರವಾದರೆ ಮೊದಲ ಸುತ್ತು ಒಣದಾಗಿ ಓಡಿಸಿ, ಎರಡನೆಯ ಸುತ್ತಿಗೆ ನೀರಿನ ಪ್ರಮಾಣವನ್ನು ಕನಿಷ್ಠಕ್ಕೆ ಇಳಿಸಿ ಒರೆಸಲು ಬಿಡಿ.

ತೇವದ ಒರೆಸಾಟ: ಪದರದ ಲೇಪವಿರುವ ನೆಲಕ್ಕೆ

ಮರ ನೀರು ಕುಡಿದರೆ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಮೇಲೆ ಲೇಪವಿದ್ದರೂ ಹಲಗೆಗಳ ಸಂದಿನಲ್ಲಿ ಇಳಿದ ನೀರು ಲೇಪವಿಲ್ಲದ ಬದಿ ಮತ್ತು ಅಡಿಯನ್ನು ತಲುಪುತ್ತದೆ. ಅಡಿ ಉಬ್ಬಿ ಮೇಲ್ಭಾಗ ಹಾಗೇ ಉಳಿದಾಗ ಹಲಗೆಯ ಎರಡೂ ಅಂಚು ಎದ್ದು ನಡು ತಗ್ಗಾಗಿ ದೋಣಿಯಂತಾಗುತ್ತದೆ. ಆಮೇಲೆ ಆ ಎದ್ದ ಅಂಚುಗಳ ಮೇಲೇ ಎಲ್ಲರ ಕಾಲೂ, ಮಾಪೂ ತಿಕ್ಕಿ ಅಲ್ಲಿನ ಲೇಪ ಮೊದಲು ಸವೆಯುತ್ತದೆ. ಅಂದರೆ ಹೆಚ್ಚಾದ ನೀರು ಕೊನೆಗೆ ಗೀರಿಗೂ ದಾರಿ ಮಾಡಿಕೊಡುತ್ತದೆ.

ಎಷ್ಟು ತೇವ ಸರಿ? ಒರೆಸಿದ ಜಾಗ ಒಂದೆರಡು ನಿಮಿಷದಲ್ಲಿ ತಾನಾಗಿ ಒಣಗಬೇಕು. ಮಾಪಿನ ಬಟ್ಟೆಯನ್ನು ಕೈಯಲ್ಲಿ ಬಲವಾಗಿ ಹಿಂಡಿದರೆ ಒಂದು ಹನಿಯೂ ಉದುರಬಾರದು.

ದ್ರಾವಣಕ್ಕೆ ಮರದ ನೆಲಕ್ಕೆಂದೇ ಮಾಡಿದ, ಪಿಎಚ್ 7ರ ಆಸುಪಾಸಿನ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ಕ್ಲೀನರ್ ಉತ್ತಮ. ನೆಲ ಮಾಡಿದ ಕಂಪನಿ ಹೆಸರಿಸಿದ್ದು ಸಿಕ್ಕರೆ ಅದನ್ನೇ ಕೊಳ್ಳಿ, ವಾರಂಟಿಯ ಮಾತು ಬಂದಾಗ ಅನುಕೂಲ. ಡಬ್ಬಿಯ ಮೇಲೆ "ಹೊಳಪು ಕೊಡುತ್ತದೆ" ಎಂದಿದ್ದರೆ ಬಿಟ್ಟುಬಿಡಿ. ಶುಚಿ ಮಾಡುವ ದ್ರವ ತಾನು ಏನನ್ನೂ ಉಳಿಸದೆ ಆರಬೇಕು, ಹೊಳಪು ಕೊಡುವುದು ಏನನ್ನೋ ಉಳಿಸಿಯೇ ಹೋಗುತ್ತದೆ. ಏನೂ ಸಿಗದಿದ್ದಾಗ 4 ಲೀಟರ್ ನೀರಿಗೆ ಅರ್ಧ ಚಮಚ ಸೌಮ್ಯವಾದ ಪಾತ್ರೆ ತೊಳೆಯುವ ದ್ರವ ಸಾಕು, ನೊರೆ ಏಳುವಷ್ಟು ಬೇಡ. ಹಾಗೆ ಮಾಡಿದರೆ ಬರಿ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಲೇಬೇಕು, ಇಲ್ಲದಿದ್ದರೆ ಸೋಪಿನ ಪೊರೆ ಉಳಿದು ಅದಕ್ಕೆ ಧೂಳು ಮೆತ್ತುತ್ತದೆ.

ಒಂದು ಚದರ ಮೀಟರಿಗೆ ಎರಡು ಮೂರು ಸಲ ತೆಳುವಾಗಿ ಸಿಂಪಡಿಸಿ ಕೂಡಲೇ ಒರೆಸಿ. ಸಂದುಗಳು ಬಿರಿದ ಹಳೆಯ ನೆಲವಾದರೆ ನೆಲಕ್ಕೆ ಸಿಂಪಡಿಸದೆ ಬಟ್ಟೆಗೇ ಸಿಂಪಡಿಸಿಕೊಳ್ಳಿ. ಬಕೆಟ್ಟಿನಲ್ಲಿ ಮಾಡುವುದಾದರೆ ಎರಡು ಬಕೆಟ್ ಇಡಿ, ಒಂದರಲ್ಲಿ ದ್ರಾವಣ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಒಂದೇ ಬಕೆಟ್ ಆದರೆ ಮೂರನೆಯ ಸಲ ಅದ್ದುವ ಹೊತ್ತಿಗೆ ತಳದ ಮರಳೆಲ್ಲ ಬಟ್ಟೆಗೆ ಮರಳಿ ಬಂದಿರುತ್ತದೆ. ಇನ್ನೂ ಒಳ್ಳೆಯದೆಂದರೆ ನಾಲ್ಕೈದು ಬಟ್ಟೆಗಳನ್ನು ಮೊದಲೇ ತೇವ ಮಾಡಿಟ್ಟುಕೊಂಡು, ಕೋಣೆಗೊಂದರಂತೆ ಬದಲಿಸುತ್ತಾ ಹೋಗುವುದು. ಬಕೆಟ್ಟಿನ ಅಡಿಗೊಂದು ದಪ್ಪ ಟವೆಲ್ ಹಾಸಿ. ಅದನ್ನು ನೂಕಿಕೊಂಡು ಹೋಗುವುದರಿಂದ ಬೀಳುವ ಅರ್ಧಚಂದ್ರದ ಗೀರುಗಳು ಬಹಳ ಮನೆಗಳಲ್ಲಿ ಕಾಣುತ್ತವೆ.

ಹಲಗೆಯ ಉದ್ದಕ್ಕೇ ಒರೆಸಿ. ದೂರದ ಗೋಡೆಯಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತಾ ಬನ್ನಿ. ಬರಿಗಾಲು ಅಥವಾ ಒಗೆದ ಕಾಲುಚೀಲ ಇರಲಿ, ಚಪ್ಪಲಿ ಬೇಡ. ನೆಲ ಆರಿದ ಮೇಲೆ ಬಿಳಿ ಕಾಲುಚೀಲ ಹಾಕಿ ಹತ್ತು ಹೆಜ್ಜೆ ನಡೆದು ಅಡಿ ನೋಡಿ. ಬೂದಿಬಣ್ಣ ಹತ್ತಿದರೆ ಒಣ ಶುಚಿ ಸಾಲದಾಗಿತ್ತು ಎಂದರ್ಥ.

ಮರದ ಬಳಿ ತರಬಾರದವು

ಸ್ಟೀಮ್ ಮಾಪ್ ಮೊದಲನೆಯದು. ಬಿಸಿ ಹಬೆ ನೀರಿಗಿಂತ ಸುಲಭವಾಗಿ ಸಂದುಗಳೊಳಗೆ ನುಗ್ಗುತ್ತದೆ, ಒಳಗೆ ತಣಿದು ನೀರಾಗುತ್ತದೆ. ಲೇಪ ಬೆಳ್ಳಗಾಗುವುದು, ಪೊರೆಯಂತೆ ಏಳುವುದು ಇದರಿಂದಲೇ. ಮರದ ನೆಲ ಮಾಡುವ ಹೆಚ್ಚಿನ ಕಂಪನಿಗಳು ಇದನ್ನು ಬಳಸಿದರೆ ವಾರಂಟಿ ಕೊಡುವುದಿಲ್ಲ.

ವಿನೆಗರ್ ಬಗ್ಗೆ ಎಲ್ಲೆಡೆ ಸಲಹೆ ಸಿಗುತ್ತದೆ. ಅಡುಗೆಯ ವಿನೆಗರ್‌ನ ಪಿಎಚ್ 2.5ರಷ್ಟು, ಅಂದರೆ ಅದು ಆಮ್ಲ. ತುಂಬ ನೀರು ಬೆರೆಸಿ ಒಮ್ಮೆ ಒರೆಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ನಿಜ. ಆದರೆ ವಾರವಾರವೂ ಹಾಕಿದರೆ ಹೊಳಪು ಮಾಸುತ್ತದೆ. ಸೌಮ್ಯ ಕ್ಲೀನರ್ ಇದೇ ಕೆಲಸವನ್ನು ಹಾನಿಯಿಲ್ಲದೆ ಮಾಡುವಾಗ ಈ ಅಪಾಯ ಏಕೆ? ಅಮೋನಿಯ ಇರುವ ಗಾಜು ಒರೆಸುವ ದ್ರವವೂ ಬೇಡ. ಲೇಪ ಸವೆದ ಕಡೆ ಅದು ಓಕ್ ಮರದ ಟ್ಯಾನಿನ್ ಜೊತೆ ಸೇರಿ ಮರವನ್ನು ಕಪ್ಪಾಗಿಸುತ್ತದೆ. ಬ್ಲೀಚನ್ನು ಮರಕ್ಕೆ ಹಾಕಲೇಬೇಡಿ. ಅದನ್ನು ವಿನೆಗರ್ ಅಥವಾ ಅಮೋನಿಯದ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ.

ಅಡುಗೆ ಸೋಡಾದ ಪೇಸ್ಟ್, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಉಕ್ಕಿನ ಜುಂಗು, ಕಲೆ ಅಳಿಸುವ ಬಿಳಿ ಮೆಲಮೈನ್ ಸ್ಪಂಜು, ಎಲ್ಲವೂ ಸವೆಸುವ ವಸ್ತುಗಳೇ. ಮೆಲಮೈನ್ ಸ್ಪಂಜು ಕೈಗೆ ಮೆತ್ತಗೆ ತಾಗುವುದರಿಂದ ಜನ ಮೋಸಹೋಗುತ್ತಾರೆ. ಕಲೆಯೇನೋ ಹೋಗುತ್ತದೆ, ಆ ಜಾಗ ಮಾತ್ರ ಮಂಕಾಗಿ ಉಳಿಯುತ್ತದೆ.

ಸಿಲಿಕೋನ್ ಇರುವ ಪೀಠೋಪಕರಣದ ಪಾಲಿಶ್, ಎಣ್ಣೆ ಸೋಪು, ಪಾಲಿಯುರೆಥೇನ್ ಮೇಲೆ ಮೇಣ, ಇವು ಗೀರು ಹಾಕುವುದಿಲ್ಲ. ಆದರೆ ನೆಲ ಜಾರುವಂತಾಗುತ್ತದೆ, ಮುಂದೊಮ್ಮೆ ಹೊಸ ಲೇಪ ಹಾಕಿಸಲು ಹೋದಾಗ ಅದು ಹಿಡಿಯುವುದಿಲ್ಲ.

ಮೊಂಡು ಕಲೆಗಳು

ಚೂಯಿಂಗ್ ಗಮ್, ಮೇಣದಬತ್ತಿಯ ತೊಟ್ಟು: ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಐದು ನಿಮಿಷ ಮೇಲಿಡಿ. ಗಟ್ಟಿಯಾದ ಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ, ನೆಲಕ್ಕೆ ಮಲಗಿಸಿದಂತೆ ಹಿಡಿದು ಎಬ್ಬಿಸಿ. ಚಾಕು, ಬ್ಲೇಡು ಬೇಡ.

ಬೂಟಿನ ಕಪ್ಪು ರಬ್ಬರ್ ಗೆರೆ ಗೀರಲ್ಲ, ನೆಲಕ್ಕೆ ಅಂಟಿದ ರಬ್ಬರ್. ಒಣ ಮೈಕ್ರೋಫೈಬರ್ ಸುತ್ತಿದ ಬೆರಳಿನಿಂದ ಉಜ್ಜಿದರೆ ಬಹುತೇಕ ಹೋಗುತ್ತದೆ. ಹೋಗದಿದ್ದರೆ ಬಟ್ಟೆಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಟ್ಟನೆ ಒರೆಸಿ, ಹಿಂದೆಯೇ ತೇವದ ಬಟ್ಟೆ ಆಡಿಸಿ. ಅರಗಿನ ಪಾಲಿಶ್ ಆದರೆ ಇದನ್ನು ಮುಟ್ಟಿಸಬೇಡಿ, ಪಾಲಿಶೇ ಕರಗುತ್ತದೆ.

ಒಣಗಿ ಗಟ್ಟಿಯಾದ ಅಂಟು ಆಹಾರವನ್ನು ಕೆರೆಯುವ ಬದಲು ತೇವದ ಬಟ್ಟೆಯನ್ನು ಅದರ ಮೇಲೆ ಎರಡು ನಿಮಿಷ ಇಟ್ಟು ನೆನೆಸಿ ತೆಗೆಯಿರಿ. ಸಾಕುಪ್ರಾಣಿಯ ಮೂತ್ರವನ್ನು ಉಜ್ಜದೆ ಕಾಗದದಿಂದ ಹೀರಿಸಿ ಕೂಡಲೇ ಒರೆಸಬೇಕು. ಕಲೆ ಕಪ್ಪಾಯಿತೆಂದರೆ ಅದು ಲೇಪ ದಾಟಿ ಮರಕ್ಕೆ ಇಳಿದಿದೆ, ಆಗ ಒರೆಸಿ ಪ್ರಯೋಜನವಿಲ್ಲ.

ಎಣ್ಣೆ ಮತ್ತು ಮೇಣದ ನೆಲ

ಮೇಣದ ನೆಲಕ್ಕೆ ನೀರೂ ಇಲ್ಲ, ಕ್ಲೀನರೂ ಇಲ್ಲ. ವ್ಯಾಕ್ಯೂಮ್, ಒಣ ಬಟ್ಟೆ, ಮಂಕಾದಾಗ ಮೆತ್ತನೆ ಬಟ್ಟೆಯಿಂದ ಉಜ್ಜಿ ಹೊಳಪು ತರುವುದು, ಅಷ್ಟೇ. ಹೊಳಪು ಬರುವುದೇ ನಿಂತಾಗ ತೆಳುವಾಗಿ ಹೊಸ ಮೇಣ ಹಚ್ಚಬೇಕು.

ಎಣ್ಣೆ ಹೀರಿದ ನೆಲಕ್ಕೆ ಎಣ್ಣೆ ತಯಾರಕರೇ ಕೊಡುವ ಸೋಪು ಬಳಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಈ ನೆಲದ ಒಂದು ದೊಡ್ಡ ಅನುಕೂಲವೆಂದರೆ ಗೀರು ಬಿದ್ದ ಜಾಗವನ್ನಷ್ಟೇ ಉಜ್ಜಿ ಎಣ್ಣೆ ಹಚ್ಚಿ ಸರಿಪಡಿಸಬಹುದು, ಇಡೀ ಕೋಣೆ ಕೆದಕಬೇಕಾಗಿಲ್ಲ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಮುದುಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸೆಯಂಥ ಎಣ್ಣೆ ಆರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಅಥವಾ ಬಯಲಿನಲ್ಲಿ ಒಂದೊಂದಾಗಿ ಹರಡಿ ಪೂರ್ತಿ ಒಣಗಿಸಿ ಎಸೆಯಿರಿ.

ಕಣಗಳು ಬರುವ ದಾರಿ

ಬಾಗಿಲ ಹೊರಗೆ ಒರಟು ಕಾಲೊರಸು, ಒಳಗೆ ನೀರು ಹೀರುವ ಕಾಲೊರಸು, ಎರಡೂ ಬೇಕು. ಒಳಗಿನದು ಪ್ರತಿ ಪಾದವೂ ಎರಡು ಸಲ ತಾಗುವಷ್ಟು ಉದ್ದವಿರಲಿ. ಅಡಿಗೆ ರಬ್ಬರ್ ಅಥವಾ ಪಿವಿಸಿ ಇರುವ ಚಾಪೆ ಲೇಪಕ್ಕೆ ಹಳದಿ ಕಲೆ ಬಿಡುವುದುಂಟು, ನೇಯ್ದ ಅಡಿಯದನ್ನು ಆರಿಸಿ. ಚಾಪೆಯ ಕೆಳಗೂ ಗುಡಿಸಿ.

ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆಗಳನ್ನು ಒಮ್ಮೆ ಅಂಟಿಸಿ ಮರೆತುಬಿಡುತ್ತಾರೆ. ಕೆಲವು ತಿಂಗಳಲ್ಲಿ ಫೆಲ್ಟಿನೊಳಗೆ ಮರಳು ಹೂತು ಅದೇ ಗೀರುವ ಸಾಧನವಾಗುತ್ತದೆ. ತಿಂಗಳಿಗೊಮ್ಮೆ ಕುರ್ಚಿ ಮಗುಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿ, ಗಟ್ಟಿಯಾದದ್ದನ್ನು ಕಿತ್ತು ಹೊಸದು ಹಾಕಿ.

ಗೀರು ಬಿದ್ದೇಬಿಟ್ಟರೆ

ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ತಡೆಯದಿದ್ದರೆ ಗೀರು ಲೇಪದಲ್ಲಷ್ಟೇ ಇದೆ. ಒಂದು ಹನಿ ನೀರು ಸವರಿದಾಗ ಬಿಳಿ ಗೆರೆ ಮಾಯವಾದರೆ ಅದೂ ಇದನ್ನೇ ಹೇಳುತ್ತದೆ. ಇಂಥ ಗೀರುಗಳಿಗೆ ಮರ ಕೆತ್ತಿಸಬೇಕಾಗಿಲ್ಲ. ಇರುವ ಲೇಪವನ್ನು ಯಂತ್ರದಿಂದ ತುಸು ತರಿಯಾಗಿಸಿ ಮೇಲೊಂದು ಪದರ ಹೊಡೆಸಿದರೆ ಹೋಗುತ್ತವೆ. ಉಗುರು ಸಿಕ್ಕಿಕೊಂಡು, ಒಳಗೆ ಬೇರೆ ಬಣ್ಣದ ಮರ ಕಂಡರೆ ಮರದ ಮೇಣದ ಕಡ್ಡಿ ತುಂಬಿ ಮುಚ್ಚಬೇಕು, ಇಲ್ಲವೇ ಹಲಗೆ ಬದಲಿಸಬೇಕು.

ಪೂರ್ತಿ ಉಜ್ಜಿ ಹೊಸದು ಮಾಡಿಸುವ ಮುನ್ನ ಹಲಗೆ ಅಖಂಡ ಮರದ್ದೋ, ಪ್ಲೈವುಡ್ ಮೇಲೆ ಮರದ ಪದರವಿರುವ ಎಂಜಿನಿಯರ್ಡ್ ಮರವೋ ತಿಳಿದುಕೊಳ್ಳಿ. 19 ಮಿ.ಮೀ. ಅಖಂಡ ಹಲಗೆಯನ್ನು ಹಲವು ಸಲ ಉಜ್ಜಬಹುದು. ಮೇಲ್ಪದರ 0.6 ಮಿ.ಮೀ. ಇರುವ ಎಂಜಿನಿಯರ್ಡ್ ಹಲಗೆಯನ್ನು ಒಂದು ಸಲವೂ ಉಜ್ಜಲಾಗದು, 4 ಮಿ.ಮೀ. ಇದ್ದರೆ ಧೈರ್ಯ ಮಾಡಬಹುದು.

ಹೊಸ ಲೇಪ ಮುಟ್ಟಿದರೆ ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಹೊತ್ತು ಬೇಕು. ನೀರು ಆಧಾರಿತ ಪಾಲಿಯುರೆಥೇನ್‌ಗೆ ಒಂದೆರಡು ವಾರ, ಎಣ್ಣೆ ಆಧಾರಿತಕ್ಕೆ ಸುಮಾರು 30 ದಿನ. ಅಲ್ಲಿಯವರೆಗೆ ರತ್ನಗಂಬಳಿ ಹಾಸಬೇಡಿ, ತೇವದ ಮಾಪ್ ಹಾಕಬೇಡಿ.

ಮೊದಲು ಮೂಲೆಯಲ್ಲಿ ಮಾಡಿದ ನೀರಿನ ಹನಿಯ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಹೆಚ್ಚು ಓಡಾಡುವ ಜಾಗದಲ್ಲೂ ಮಾಡಿ. ಬಾಗಿಲ ಬಳಿ, ಸಿಂಕಿನ ಮುಂದೆ, ಹಾಸಿಗೆಯಿಂದ ಇಳಿಯುವ ಕಡೆ. ಅಲ್ಲಿ ಹನಿ ಇಂಗಿ ಮರ ಗಾಢವಾದರೆ ಲೇಪ ಹೋಗಿದೆ. ಹೊಸ ಪದರ ಬೀಳುವ ತನಕ ಆ ಜಾಗಕ್ಕೆ ಒಣ ಶುಚಿ ಮಾತ್ರ.